ಮೊದಲು ಜೀಪಿನ ನಡುಕ

ಐವತ್ತರ ವೇಗ ದಾಟಿದರೆ ಸಾಕು, ಜೀಪು ನಡುಗತೊಡಗುತ್ತಿತ್ತು. ಕಾಶೀನಾಥರ ಬಲಗೈಗೆ ಅಷ್ಟು ವೇಗವೂ ಬೇಕಿರಲಿಲ್ಲ, ಕೂತಲ್ಲೇ ನಡುಗುತ್ತಿತ್ತು. ಎರಡಕ್ಕೂ ಮದ್ದಾಗಲೇಬೇಕೆಂದು ಮಗಳು ಮೃಣಾಲಿನಿ ಹಟ ಹಿಡಿದಾಗ ಅವರೊಂದು ಕರಾರು ಹಾಕಿದ್ದರು.

"ಮೊದಲ ಜೀಪಿಂದು ಆಗಲಿ. ಅದರ ನಡುಕ ನಿಲ್ಲಲಿ. ಆಮ್ಯಾಲ ನನ್ನ ಯಾವ ಡಾಕ್ಟರ್ ಕಡೆ ಕರಕೊಂಡು ಹೋಗ್ತಿ ಹೋಗು, ಸುಮ್ನ ಬರ್ತೀನಿ."

ಆ ಕರಾರು ದಸರೆಯ ಹೊತ್ತಿನದು. ಈಗ ದತ್ತವಾಡಿಯ ಓಣಿಯಲ್ಲಿ ಬೆಳಿಗ್ಗೆ ಎದ್ದವರು ಕಸಕಡ್ಡಿ ಒಟ್ಟಿ ಬೆಂಕಿ ಕಾಯಿಸಿಕೊಳ್ಳುವಷ್ಟು ಚಳಿ ಬಿದ್ದಿತ್ತು. ಜೀಪೂ ನಿಂತಿರಲಿಲ್ಲ, ಕೈಯೂ ನಿಂತಿರಲಿಲ್ಲ. ಮೃಣಾಲಿನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೂ ಸ್ಟೇರಿಂಗು ಕೈಯಲ್ಲಿ ಗಡಗಡ ಅನ್ನುವ ಕನಸು.

ಜೀಪು ಅವಳದೇ. ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ, ನಲವತ್ತು ದಾಟಿದ ಹೆಂಗಸಿಗೆ ಇಂಥ ಗಾಡಿ ಯಾಕೆ ಎಂದು ಓಣಿಯಲ್ಲಿ ಕೇಳದವರಿಲ್ಲ. ಅವಳು ಕೂತಲ್ಲಿ ಕೂಡುವ ಪೈಕಿಯಲ್ಲ. ಭಾನುವಾರ ಬಂತೆಂದರೆ ಗೆಳೆಯರ ಗುಂಪು ಕಟ್ಟಿಕೊಂಡು ಉಮರೇಡಿನ ಆಚೆ ಹಳ್ಳ, ಕಲ್ಲು, ಕೆಸರು ಹುಡುಕಿಕೊಂಡು ಹೋಗುತ್ತಿದ್ದಳು. "ಚಲೋ ರಸ್ತಾ ಬಿಟ್ಟು ತೆಗ್ಗಿನ್ಯಾಗ ಗಾಡಿ ಹೊಡಿಯೂದಕ್ಕ ಮಜಾ ಅಂತಾರಂತ" ಎಂದು ತಾಯಿ ಗೌರಮ್ಮ ಬಂದವರೆದುರೆಲ್ಲ ಹೇಳಿ ನಗುತ್ತಿದ್ದರು. ಕಲ್ಲಿಗೆ ಗಾಡಿಯ ಹೊಟ್ಟೆ ತಾಗುತ್ತದೆಂದು ದಸರೆಗೆ ಮುಂಚೆ ಕೋರಾಡಿ ರಸ್ತೆಯ ಉದಯ್‌ನ ಗ್ಯಾರೇಜಿನಲ್ಲಿ ಉದ್ದನೆಯ ಸ್ಪ್ರಿಂಗು ಹಾಕಿಸಿ, ಜೀಪನ್ನು ನಾಲ್ಕು ಇಂಚು ಎತ್ತರ ಮಾಡಿಸಿದ್ದಳು. ಅಂದಿನಿಂದ ಗೌರಮ್ಮನಿಗೆ ಹತ್ತಲು ಸ್ಟೂಲು ಬೇಕು.

ನಡುಕ ಶುರುವಾದದ್ದು ಆಮೇಲೆ. ಹಾಗಾಗಿ ತಪ್ಪು ಎತ್ತರದ್ದೇ ಎನ್ನುವುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲರಿಗಿಂತ ಜೋರಾಗಿ ಹಾಗೆಂದವರು ಕಾಶೀನಾಥರು. ಯಂತ್ರದ ವಿಷಯದಲ್ಲಿ ಆ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ವಿಜಯಪುರದಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದು, ಈ ಮರಾಠಿ ಊರಿನ ಆಯುಧ ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟರ್ ಆಗಿ ಕೂದಲು ಹಣ್ಣು ಮಾಡಿಕೊಂಡವರು. ಟಾಯರು ಬ್ಯಾಲೆನ್ಸ್ ಮಾಡಿಸು ಅಂದರು, ಮಾಡಿಸಿದಳು. ಎಂಜಿನ್ನಿನ ಕೆಳಗಿನ ರಬ್ಬರು ಬದಲಿಸು ಅಂದರು, ಬದಲಿಸಿದಳು. ಸ್ಪ್ರಿಂಗಿನ ಬುಡಕ್ಕೆ ಓರೆ ಪಟ್ಟಿ ಕೂಡಿಸು ಅಂದರು, ಅದೂ ಆಯಿತು. ಒಂದೊಂದಕ್ಕೂ ವಾರಗಟ್ಟಲೆ. ಅವಸರ ಮಾಡಿದರೆ, "ಕಬ್ಬಿಣದ ಮುಂದ ಅವಸರ ನಡಿಯಂಗಿಲ್ಲ ತಂಗಿ" ಎಂದು ಮಗಳಿಗೆ ಹೇಳಿ ತೊಡೆಯ ಕೆಳಗೆ ಬಲಗೈ ಇಟ್ಟುಕೊಂಡು ಕೂಡುತ್ತಿದ್ದರು.

ಆ ಕೂಡುವ ರೀತಿಯೂ ಹೊಸದೇ. ಕೈಯಲ್ಲಿನ ಚಹಾದ ಕಪ್ಪು ಬಶಿಗೆ ಬಡಿದು ಕಟಕಟ ಅನ್ನುವ ಸದ್ದು ಅಡಿಗೆಮನೆಯವರೆಗೆ ಕೇಳತೊಡಗಿದ ಮೇಲೆ ಗೌರಮ್ಮ ಬಾಯಿ ಬಿಡದೆ ಸ್ಟೀಲಿನ ಲೋಟದಲ್ಲಿ ಅರ್ಧ ಮಾತ್ರ ಚಹಾ ಹಾಕಿ ಕೊಡತೊಡಗಿದ್ದರು. ಏನಾಗಿದೆ ಎಂದು ಕೇಳಿದರೆ ಕಾಶೀನಾಥರದು ಒಂದೇ ಉತ್ತರ, "ಥಂಡಿ". ಬೆವರಿಳಿಯುವ ದಸರೆಯ ಸೆಕೆಯಲ್ಲೂ ಥಂಡಿ ಅಂದ ಮಹಾಶಯರು ಅವರು.

ಉದಯ್ ಒಮ್ಮೆ, ಶಾಫ್ಟು ಬಿಚ್ಚಿ ನೋಡೋಣವೇ ಎಂದು ಕೇಳಿದ್ದ. ಎಂಜಿನ್ನಿನ ಸುತ್ತನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದ ಕೊಳವೆ ಅದು, ಜೀಪಿನ ಹೊಟ್ಟೆಯ ಕೆಳಗೆ ಮಲಗಿರುತ್ತದೆ. ಕಾಶೀನಾಥರು ಅವನ ಮಾತು ಮುಗಿಯಗೊಡಲಿಲ್ಲ. ಆಯುಧಗಳಿಗೆ ಮಾಡುವ ದಸರೆಯ ಖಂಡೇ ಪೂಜೆಗೆ ತಾವೇ ಅದನ್ನು ಬಿಚ್ಚಿ ನೋಡಿದ್ದಾಗಿದೆ, ಅದರ ಗೊಡವೆ ಬೇಡ ಎಂದು ಮರಾಠಿಯಲ್ಲಿ ಖಡಾಖಂಡಿತ ಹೇಳಿದರು. ಉದಯ್‌ಗೆ ಹಿರಿಯರೆಂದರೆ ಮರ್ಯಾದೆ. ಅವನು ನಟ್ಟು ಬಿಚ್ಚುವ ಪಾನಾವನ್ನು ಬೇರೆ ಕಡೆ ತಿರುಗಿಸಿದ.

ಇತ್ತ ಮೃಣಾಲಿನಿ ರಾಮದಾಸಪೇಠಿನ ನರರೋಗದ ಡಾಕ್ಟರರ ಬಳಿ ಹೆಸರು ಬರೆಸುವುದು, ಕೊನೆಗಳಿಗೆಯಲ್ಲಿ ಅಪ್ಪ ತಪ್ಪಿಸಿಕೊಳ್ಳುವುದು, ಮತ್ತೆ ಬರೆಸುವುದು ನಡೆದೇ ಇತ್ತು. ಅಲ್ಲಿನ ಹುಡುಗಿ ಈಗ ಇವಳ ದನಿ ಕೇಳಿದರೇ ನಿಟ್ಟುಸಿರು ಬಿಡುತ್ತಿದ್ದಳು. ಇವತ್ತು ಮಧ್ಯಾಹ್ನಕ್ಕೆ ಮತ್ತೆ ಬರೆಸಿದ್ದಳು. ಬೆಳಿಗ್ಗೆಯೇ ಕಾಶೀನಾಥರು ಸ್ವೆಟರು ತೊಟ್ಟು ಸಿದ್ಧರಾಗಿ ನಿಂತರು, ಆದರೆ ಡಾಕ್ಟರಿಗಾಗಿ ಅಲ್ಲ.

"ಉಮರೇಡ್ ರಸ್ತಾಕ್ಕ ಹೋಗಿ ಬರೂಣು ನಡಿ. ಹೊಸಾ ಪಟ್ಟಿ ಹೆಂಗ ಕೂತಾವ ನೋಡೂಣು."

"ನಡುಗಲಿಲ್ಲಂದ್ರ ಅಲ್ಲಿಂದ ಸೀದಾ ರಾಮದಾಸಪೇಠ್. ಆತಲ್ಲರಿ?"

"ಆತು" ಎಂದರು ಕಾಶೀನಾಥರು. ಅಷ್ಟು ಜಲ್ದಿ ಅವರು ಯಾವುದಕ್ಕೂ ಹೂಂಗುಟ್ಟಿದವರಲ್ಲ. ಅವಳು ಅಲ್ಲೇ ಎಚ್ಚರಾಗಬೇಕಿತ್ತು. ಆಗಲಿಲ್ಲ, ಕೀಲಿ ಹುಡುಕುವ ಗಡಿಬಿಡಿಯಲ್ಲಿದ್ದಳು.

ದಿಘೋರಿ ಚೌಕ ದಾಟಿ ಊರು ಹಿಂದಾದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಕಲ್ಲಿದ್ದಲಿನ ಲಾರಿಗಳು ತಾಡಪಾಲು ಹೊದ್ದು ಎದುರಿನಿಂದ ಬರುತ್ತಿದ್ದವು. ನಲವತ್ತರಲ್ಲಿ ಜೀಪು ಸುಮ್ಮನಿತ್ತು. ಐವತ್ತಕ್ಕೆ ಕಾಲಡಿ ಗುಂಯ್ ಅಂದಿತು. ಐವತ್ತೈದಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಪುಟ್ಟ ಮಾರುತಿ ತಲೆಯಾಡಿಸತೊಡಗಿದ. ಅರವತ್ತಕ್ಕೆ ಬಾಗಿಲು, ಕನ್ನಡಿ, ಸೀಟು, ಅವಳ ಹಲ್ಲು, ಎಲ್ಲವೂ ನಡುಗಿದವು.

"ನೋಡು, ಇನ್ನೂ ಐತಿ" ಎಂದರು ಕಾಶೀನಾಥರು. "ಈ ವಾರ ಆಗೂದಿಲ್ಲ ಬಿಡು."

ಆ ದನಿಯಲ್ಲಿ ಬೇಸರ ಇರಲಿಲ್ಲ. ರಜೆ ಸಿಕ್ಕ ಹುಡುಗನ ಸಮಾಧಾನ ಇತ್ತು. ಮೃಣಾಲಿನಿಗೆ ಮೈ ಉರಿದುಹೋಯಿತು. ದಸರೆಯಿಂದ ಅದುಮಿಟ್ಟಿದ್ದೆಲ್ಲ ಬಲಗಾಲಿಗೆ ಇಳಿಯಿತೋ ಏನೋ, ಅವಳು ಎಕ್ಸಿಲೇಟರು ಒತ್ತಿದಳು. ನಡುಗುವುದಿದ್ದರೆ ಪೂರ್ತಿ ನಡುಗಲಿ, ಒಡೆಯುವುದಿದ್ದರೆ ಒಡೆದೇ ಹೋಗಲಿ ಎನಿಸಿಬಿಟ್ಟಿತ್ತು.

"ಸಾವಕಾಶ" ಎಂದರು ಕಾಶೀನಾಥರು.

"ಸಾವಕಾಶ ಮಾಡಿದ್ದು ಸಾಕರಿ ಅಪ್ಪಾ."

"ಬ್ಯಾಡ ಮೃಣಾ. ಕಾಲು ತಗಿ. ಕ್ರಾಸ್ ತಡಿಯಂಗಿಲ್ಲ ಅದು."

ಅವರು ಹೇಳಿ ಬಾಯಿ ಮುಚ್ಚುವುದಕ್ಕೂ ಕಾಲಡಿ ಢಂ ಎನ್ನುವುದಕ್ಕೂ ಸರಿಹೋಯಿತು. ಯಾರೋ ಸುತ್ತಿಗೆಯಿಂದ ತಗಡನ್ನು ಬಡಿದಂತೆ ಗಾಡಿಯ ತಳಕ್ಕೆ ಏಟಿನ ಮೇಲೆ ಏಟು. ಆಮೇಲೆ ಡಾಂಬರಿನ ಮೇಲೆ ಕಬ್ಬಿಣ ಎಳೆದುಕೊಂಡು ಬರುವ ಕರ್ಕಶ ಸದ್ದು. ಅವಳು ಕ್ಲಚ್ಚು ಒತ್ತಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು, ಹಿಂದಿನ ಲಾರಿಯವನ ಹಾರ್ನು ಕಿವಿ ಹರಿಯುತ್ತಿರುವಾಗಲೇ ಜೀಪನ್ನು ರಸ್ತೆಯ ಅಂಚಿನ ಮಣ್ಣಿಗೆ ಇಳಿಸಿದಳು. ನಿಂತ ಮೇಲೆ ಕೀಲಿ ತಿರುಗಿಸಿ ಎಂಜಿನ್ನು ಆರಿಸಿದಳು.

ಕಾಶೀನಾಥರು ಮೊದಲು ಇಳಿದು ಎರಡು ಕಲ್ಲು ತಂದು ಗಾಲಿಗೆ ಕೊಟ್ಟರು. ಕಲ್ಲಿಡಲು ಎಡಗೈಯನ್ನೇ ಬಳಸಿದ್ದನ್ನು ಅವಳು ಗಮನಿಸಿದಳು.

ಗಾಡಿ ಎತ್ತರವಾಗಿದ್ದುದರಿಂದ ಜಾಕು ಹಚ್ಚುವ ಕೆಲಸ ಇರಲಿಲ್ಲ. ಅವಳು ನೆಲಕ್ಕೆ ಗೋಣಿಚೀಲ ಹಾಸಿ, ಮೊಣಕೈ ಊರಿ ಕೆಳಗೆ ತೂರಿದಳು. ಶಾಫ್ಟಿನ ಎರಡು ತುದಿಗೂ ಮಣಿಕಟ್ಟಿನ ಹಾಗೆ ಬಾಗುವ ಒಂದೊಂದು ಕೀಲಿರುತ್ತದೆ, ಅದಕ್ಕೇ ಗ್ಯಾರೇಜಿನವರು ಕ್ರಾಸ್ ಅನ್ನುವುದು. ಹಿಂದಿನ ಕ್ರಾಸ್ ಮುರಿದು ಚೂರಾಗಿತ್ತು. ಶಾಫ್ಟು ಮುಂದಿನ ತುದಿಯಿಂದ ಮಾತ್ರ ಜೋತು ಬಿದ್ದಿತ್ತು. ಮುಂದಿನದು ಮುರಿದಿದ್ದರೆ ಕೊಳವೆ ನೆಲಕ್ಕೆ ನಾಟಿ ಗಾಡಿಯನ್ನೇ ಎತ್ತಿ ಒಗೆಯುತ್ತಿತ್ತು.

ಕೊಳವೆಗೆ ದಸರೆಯಲ್ಲಿ ಬಳಿದ ಬೆಳ್ಳಿ ಬಣ್ಣ ಡಾಂಬರಿಗೆ ಉಜ್ಜಿ ಎದ್ದುಹೋಗಿ, ಒಳಗಿನ ಕಬ್ಬಿಣ ಕಾಣುತ್ತಿತ್ತು. ಶಾಫ್ಟು ಎರಡು ತುಂಡಿನದು, ಒಂದರೊಳಗೊಂದು ಹಲ್ಲಿಗೆ ಹಲ್ಲು ಕೂತು ಜಾರುತ್ತದೆ. ಎರಡು ತುಂಡಿನ ಮೇಲೂ ಒಂದೊಂದು ಬಾಣ ಕೊರೆದಿರುತ್ತಾರೆ. ಬಾಣಕ್ಕೆ ಬಾಣ ಎದುರಾಗಿ ಕೂರಬೇಕು. ಇಲ್ಲದಿದ್ದರೆ ಎರಡು ತುದಿಯ ಕೀಲುಗಳು ಒಂದು ಎಳೆದರೆ ಒಂದು ತಳ್ಳುತ್ತ, ಎತ್ತು ಏರಿಗೆ ಕೋಣ ನೀರಿಗೆ ಅನ್ನುವಂತೆ, ಸುತ್ತು ಸುತ್ತಿಗೂ ಜಗಳಾಡುತ್ತವೆ. ಗಾಡಿ ಎತ್ತರವಾದಷ್ಟೂ ಜಗಳ ಜೋರು. ಇದು ಅವಳು ಅಪ್ಪನ ಬಾಯಲ್ಲೇ ಕೇಳಿ ಬೆಳೆದ ಪಾಠ.

ಎರಡು ಬಾಣಗಳು ಒಂದರ ಎದುರು ಒಂದು ಇರಲಿಲ್ಲ. ಬೊಟ್ಟಿನಷ್ಟು ಆಚೀಚೆ ಇದ್ದವು.

ಶಾಫ್ಟನ್ನು ಕೂರಿಸಿದವಳು ಅವಳೇ.

ಖಂಡೇ ಪೂಜೆಯ ಹಿಂದಿನ ಸಂಜೆ ಅದು. ಕಾರ್ಖಾನೆಯಲ್ಲಿದ್ದಷ್ಟು ವರ್ಷವೂ ಕಾಶೀನಾಥರು ಆ ಹಬ್ಬಕ್ಕೆ ಟೂಲ್ ರೂಮಿನ ಒಂದೊಂದು ಹತ್ಯಾರವನ್ನೂ ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಬಣ್ಣ ಬಳಿದು ಪೂಜೆಗೆ ಕೂಡಿಸಿದವರು. ಹಳೇ ಬಣ್ಣದ ಕಬ್ಬಿಣಕ್ಕೆ ಕುಂಕುಮ ಹಚ್ಚಬಾರದೆಂದು ಅವರದೊಂದು ನೇಮ. ನಿವೃತ್ತರಾದ ಮೇಲೆ ಪೂಜೆಗೆ ಉಳಿದದ್ದು ಅಂಗಳದ ಜೀಪೊಂದೇ. ಶಾಫ್ಟನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಳೆಗೂಸನ್ನು ಮೀಯಿಸಿದಷ್ಟು ಅಕ್ಕರೆಯಿಂದ ಒರೆಸಿ, ಉದ್ದಕ್ಕೂ ಬೆಳ್ಳಿ ಬಣ್ಣ ಬಳಿದಿದ್ದರು. ಮತ್ತೆ ಜೋಡಿಸುವಾಗ ಅದನ್ನು ಮಗಳ ಕೈಗೆ ಕೊಟ್ಟು, "ಈ ವರ್ಷ ನಿನ್ನ ಕೈಲೆ ಆಗಲಿ" ಎಂದಿದ್ದರು.

ತನ್ನ ಪಾನಾ ಮುಟ್ಟಿದರೆ ಕೆಂಡವಾಗುತ್ತಿದ್ದ ಮನುಷ್ಯ ಹಾಗೆಂದದ್ದಕ್ಕೆ ಅವಳು ಹಿಗ್ಗಿಹೋಗಿದ್ದಳು. ಬಾಣ ಎಲ್ಲಿ ಎಂದು ಕೇಳುವುದೂ ಹೊಳೆಯಲಿಲ್ಲ, ಕೂತ ಹಾಗೆ ತಳ್ಳಿದಳು. ಆ ರಾತ್ರಿ ಹೋಳಿಗೆ ಉಣ್ಣುವಾಗ ತಾಯಿಯೆದುರು ಎರಡು ಸಲ ಹೇಳಿಕೊಂಡಿದ್ದಳು, ಅಪ್ಪ ಶಾಫ್ಟು ನನ್ನ ಕೈಲೇ ಹಾಕಿಸಿದರು ಎಂದು.

ಈಗ ಅವಳು ಗಾಡಿಯ ಕೆಳಗಿಂದ ತಲೆ ಹೊರಹಾಕಿದಳು. ಕಾಶೀನಾಥರು ಗಾಲಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದರು.

"ಬಾಣ ತಪ್ಪಿ ಕೂತಾವ" ಎಂದಳು. "ನಾ ತಪ್ಪು ಹಾಕೀನಿ."

"ಬಾಣದ ಮ್ಯಾಲ ಬಣ್ಣಾ ಬಳದಾಂವ ನಾ. ನಿನಗೆಲ್ಲಿ ಕಾಣಬೇಕು?"

ತಪ್ಪು ತನ್ನದಲ್ಲ ಎಂದು ಹಗುರಾಗಬೇಕಿದ್ದ ಮನಸ್ಸಿಗೆ ಅಷ್ಟರಲ್ಲಿ ಬೇರೊಂದು ಮುಳ್ಳು ನೆಟ್ಟಿತು. ಅಪ್ಪ ಬೆರಗಾಗಲಿಲ್ಲ. ಬಾಣ ತಪ್ಪಿದೆ ಎಂದರೆ, ಹೌದೇ ಎನ್ನಲಿಲ್ಲ, ಬಗ್ಗಿ ನೋಡಲಿಲ್ಲ.

"ಕ್ರಾಸ್ ತಡಿಯಂಗಿಲ್ಲ ಅಂದ್ರಿ ನೀವು" ಎಂದಳು. "ಮುರಿಯೂಕಿಂತ ಮೊದಲ ಅಂದ್ರಿ. ಹೆಂಗ ಗೊತ್ತಾತು?"

ಕಾಶೀನಾಥರು ಎದುರಿನ ಗದ್ದೆ ನೋಡಿದರು.

"ಯಾವಾಗಿಂದ ಗೊತ್ತೈತಿ ನಿಮಗ?"

"ಪೂಜಾ ಆದ ಮರುದಿನ ಗಾಡಿ ಹೊರಗ ತಗದ್ವಲ್ಲ. ಆವಾಗನ. ಕಾಲಿಗೆ ಬಡೀತದು. ಕಿವಿ ಮುಚ್ಚಿಕೊಂಡ್ರೂ ತಿಳೀತೈತಿ ಅಂಥಾದ್ದು."

"ಮತ್ತ ಟಾಯರು? ರಬ್ಬರು? ಪಟ್ಟಿ?"

ಮೃಣಾಲಿನಿ ಎದ್ದು ನಿಂತಳು. ತಲೆ ಗಾಡಿಯ ಅಂಚಿಗೆ ಬಡಿದದ್ದೂ ಅವಳಿಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅಪ್ಪನಿಗೆ 'ನೀವು' ಎನ್ನುತ್ತಿದ್ದವಳ ಬಾಯಲ್ಲಿ ಆ ಗಳಿಗೆ ಅದು ಉಳಿಯಲಿಲ್ಲ.

"ಹೋದ ಶುಕ್ರವಾರ ಅವ್ವನ್ನ ಇದರಾಗ ಕೂಡಿಸಿಕೊಂಡು ಕೋರಾಡಿ ಗುಡಿಗೆ ಹೋಗಿದ್ದೆ. ಗೊತ್ತಿದ್ದೂ ಕಳಸೀದಿ ನೀನು."

"ಐವತ್ತು ದಾಟಬ್ಯಾಡ ಅಂದಿದ್ದೆ. ನಾಕ್ ಸಲ ಅಂದಿದ್ದೆ" ಎಂದರು ಕಾಶೀನಾಥರು. "ಐವತ್ತರ ಒಳಗ ಏನೂ ಆಗಂಗಿಲ್ಲದು. ಲೆಕ್ಕಾ ಹಾಕಿದ್ದೆ ನಾ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಲೆಕ್ಕ ಅದು. ಗದ್ದೆಯ ಬದುವಿನ ಮೇಲೆ ಅವಳು ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಓಡಾಡಿದಳು. ಅಳು ಬರುತ್ತಿತ್ತು, ಸಿಟ್ಟು ಅದನ್ನು ಬರಗೊಡುತ್ತಿರಲಿಲ್ಲ. ಒಂದು ಕಲ್ಲು ಎತ್ತಿ ಗದ್ದೆಗೆ ಒಗೆದಳು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

"ಯಾಕ?" ಎಂದು ಬಂದು ನಿಂತಳು. "ಅಷ್ಟು ಹೇಳ್ರಿ. ಯಾಕ?"

ಕಾಶೀನಾಥರು ಸ್ವೆಟರಿನ ತೋಳು ಎಳೆದುಕೊಂಡರು. ಆಮೇಲೆ ಮಗಳಿಗಲ್ಲ, ಗಾಲಿಗೆ ಹೇಳುವಂತೆ ಹೇಳಿದರು.

"ಅದರ ನಡುಕ ನಿಂತಿದ್ರ ನನ್ನ ಪಾಳಿ ಬರ್ತಿತ್ತು."

ಒಂದು ಲಾರಿ ಹಾದುಹೋಗಿ ಇಬ್ಬರ ಮೇಲೂ ಕರಿ ಧೂಳು ಹಾಕಿತು.

"ನಮ್ಮ ಟೂಲ್ ರೂಮಿನ ಹನುಮಂತ ನೆನಪದಾನ ನಿನಗ? ದೀಪಾವಳಿಗೆ ಚಕ್ಕುಲಿ ತರ್ತಿದ್ದನಲ್ಲ? ಅವನದೂ ಹಿಂಗ ಕೈ. ನಡಗ್ತಿತ್ತು, ಆದ್ರೂ ಏನೋ ಮಾಡ್ಕೊಂಡು ಇದ್ದ. ಡಾಕ್ಟರ್ ಕಡೆ ಹೋಗಿ ಬಂದ. ಅಂದಿನಿಂದ ಮನ್ಯಾಗ ಒಂದು ಸ್ಕ್ರೂ ಸೈತ ತಿರುಗಿಸಾಕ ಕೊಡವಲ್ರು. ಬ್ಯಾಡ್ರಿ, ಬ್ಯಾಡ್ರಿ, ನೀವು ಕೂಡ್ರಿ. ಕೂತ. ಕೂತಾಂವ ಏಳಲಿಲ್ಲ." ಅವರು ಗಾಲಿಗಂಟಿದ ಮಣ್ಣು ಕೆರೆದರು. "ಡಾಕ್ಟರ್ ಅದಕ್ಕ ಒಂದು ಹೆಸರು ಇಡ್ತಾನ ಮೃಣಾ. ಹೆಸರು ಇಟ್ಟ ಮ್ಯಾಲ ಥಂಡಿ ಅನ್ನಾಕ ಬರಂಗಿಲ್ಲ."

"ಅದಕ್ಕ ಅವತ್ತು ಶಾಫ್ಟು ನನ್ನ ಕೈಗೆ ಕೊಟ್ರಿ."

"ಎರಡು ಸಲ ಹಾಕಾಕ ಹೋದೆ. ಹಲ್ಲಿಗೆ ಹಲ್ಲು ಕೂಡವಲ್ದು. ನೀ ಒಳಗಿಂದ ಬರೂದು ಕಾಣಿಸ್ತು. ನಿನ್ನ ಕೈಲೆ ಆಗಲಿ ಅಂದೆ."

ಅವಳು ಅಂದು ಹಿಗ್ಗಿದ್ದು, ಹೋಳಿಗೆಯ ಎದುರು ಹೇಳಿಕೊಂಡದ್ದು ಎಲ್ಲ ಒಂದೇ ಏಟಿಗೆ ಎದೆಯಲ್ಲಿ ಕುಸಿಯಿತು. ಅದು ಮಗಳಿಗೆ ಕೊಟ್ಟ ಮಾನವಾಗಿರಲಿಲ್ಲ, ಕೈ ಸೋತವರು ಹುಡುಕಿದ ನೆವವಾಗಿತ್ತು. ಅವಳಿಗೆ ತೀರಾ ನೋವಾಯಿತು. ಆದರೆ ಆ ಸಂಜೆ, ಯಾರೂ ನೋಡದಿರುವಾಗ, ಎರಡು ಸಲ ಪ್ರಯತ್ನಿಸಿ ಸೋತ ಮನುಷ್ಯನಿಗೆ ಎಷ್ಟು ನೋವಾಗಿರಬೇಕೆಂದು ಹೊಳೆದ ಮೇಲೆ ತನ್ನದನ್ನು ಹಿಡಿದುಕೊಂಡು ಕೂಡುವುದು ಅವಳಿಂದಾಗಲಿಲ್ಲ.

"ಉದಯ್‌ಗೆ ಫೋನ್ ಮಾಡ್ತೀನ್ರಿ. ಎಳಕೊಂಡು ಹೋಗಾಕ ಗಾಡಿ ತರ್ತಾನ."

"ಯಾಕ ಎಳೀಬೇಕು?" ಕಾಶೀನಾಥರ ದನಿಯಲ್ಲಿ ಹಳೆಯ ಫಿಟರ್ ಎದ್ದು ಕೂತ. "ಹಿಂದಿನ ಶಾಫ್ಟು ಪೂರ್ತಿ ಬಿಚ್ಚಿ ಗಾಡ್ಯಾಗ ಹಾಕು. ನಾಕೂ ಗಾಲಿಯ ಗೇರ್ ಹಾಕಿದ್ರ ಮುಂದಿನ ಗಾಲಿ ಎಳೀತಾವ. ಮನಿತನಕಾ ಬರೋಬರ್ ಹೋಗ್ತೈತಿ."

ಸೀಟಿನ ಕೆಳಗಿದ್ದ ಹತ್ಯಾರಗಳ ಬಟ್ಟೆಯ ಸುರುಳಿ ತೆಗೆದು ಬಿಚ್ಚಿದರು. ಪಾನಾಗಳ ಹಿಡಿಗೆ ದಸರೆಯ ಕುಂಕುಮ ಇನ್ನೂ ಅಂಟಿತ್ತು. ಒಂದನ್ನು ಆರಿಸಿ ಕಾಶೀನಾಥರು ತಾವೇ ಕೆಳಗೆ ತೂರಿದರು. ಮೃಣಾಲಿನಿ ಬೇಡ ಎನ್ನಲು ಬಾಯಿ ತೆರೆದು, ಹನುಮಂತನ ನೆನಪಾಗಿ ಮುಚ್ಚಿಕೊಂಡಳು. ಅವರ ಪಕ್ಕದಲ್ಲಿ ಮಲಗಿದಳು. ಪಾನಾ ನಟ್ಟಿನ ಬಳಿ ಹೋಗಿ ಕಟಕಟ ಎಂದು ಬಡಿಯಿತು, ಕೂರಲಿಲ್ಲ. ಎಡಗೈಯಿಂದ ಬಲಗೈ ಹಿಡಿದು ನೋಡಿದರು. ಆಗಲೂ ಕೂರಲಿಲ್ಲ. ಅವಳು ಆ ಕೈಯನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿರಲಿಲ್ಲ.

ಕಾಶೀನಾಥರು ಪಾನಾವನ್ನು ಅವಳತ್ತ ಚಾಚಿದರು. ಈ ಸಲ ನಿನ್ನ ಕೈಲೆ ಆಗಲಿ ಎಂದು ಅಲಂಕಾರದ ಮಾತು ಆಡಲಿಲ್ಲ.

"ನನ್ನ ಕೈಲೆ ಆಗವಲ್ದು" ಎಂದರು. "ನೀ ಬಿಚ್ಚು. ನಾ ಹೇಳ್ತೀನಿ."

ಅವರು ಹೇಳಿದರು, ಅವಳು ಬಿಚ್ಚಿದಳು. ಯಾವ ನಟ್ಟು ಮೊದಲು, ಯಾವುದನ್ನು ಕಡೆಗೆ ಉಳಿಸಿಕೊಳ್ಳಬೇಕು, ಶಾಫ್ಟು ಎದೆಯ ಮೇಲೆ ಬೀಳದಂತೆ ಮೊಣಕಾಲು ಎಲ್ಲಿ ಕೊಡಬೇಕು. ಒಂದು ಕಡೆ ಅವಳ ಬೆರಳು ಸಿಕ್ಕಿ ಚರ್ಮ ಕಿತ್ತಿತು. "ಫಿಟರ್ ಆದಿ ಈಗ" ಎಂದರು ಕಾಶೀನಾಥರು. ಬಿಸಿ ಕೊಳವೆಯನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿಗೆ ಹಾಕಿದಾಗ ಇಬ್ಬರ ಮೈಮೇಲೂ ಗ್ರೀಸು, ಮಣ್ಣು, ಕಲ್ಲಿದ್ದಲಿನ ಪುಡಿ.

ನಾಲ್ಕೂ ಗಾಲಿಯ ಸಣ್ಣ ಗೇರಿನ ಕೋಲು ಎಳೆದು ಅವಳು ಊರಿನತ್ತ ಜೀಪು ತಿರುಗಿಸಿದಳು. ಮುಂದಿನ ಗಾಲಿಗಳು ಎಳೆದವು. ನಲವತ್ತು. ಐವತ್ತು. ಅಭ್ಯಾಸಬಲದಿಂದ ಅವಳ ಭುಜ ಬಿಗಿಯಿತು. ಐವತ್ತೈದು. ಏನೂ ಆಗಲಿಲ್ಲ. ಅರವತ್ತಕ್ಕೂ ಮಾರುತಿ ತಲೆಯಾಡಿಸಲಿಲ್ಲ, ಗದೆ ಹಿಡಿದು ಸುಮ್ಮನೆ ನಿಂತಿದ್ದ. ದಸರೆಯಿಂದ ಕಾದ ಗಳಿಗೆ ಇದೇ, ಆದರೂ ಅವಳಿಗೆ ಖುಷಿಯಾಗಲಿಲ್ಲ. ಪಕ್ಕಕ್ಕೆ ನೋಡುವ ಧೈರ್ಯವೂ ಆಗಲಿಲ್ಲ.

ದಿಘೋರಿ ಚೌಕದಲ್ಲಿ ಎಡಕ್ಕೆ ಹೋದರೆ ರಿಂಗ್ ರೋಡು, ಮನೆ. ನೇರ ಹೋದರೆ ಊರೊಳಗೆ, ರಾಮದಾಸಪೇಠ್. ಅವಳು ಎಡಗಡೆಯ ದೀಪ ಹಾಕಿದಳು. ಇವತ್ತಿಗೆ ಇಷ್ಟು ಸಾಕು, ಹಟ ಮಾಡಿ ಒಯ್ಯುವುದು ಇನ್ನು ತನ್ನಿಂದಾಗದು ಎಂದುಕೊಂಡಿದ್ದಳು.

"ಎಡಕ್ಕ ಯಾಕ ಹೊಂಟಿ?" ಎಂದರು ಕಾಶೀನಾಥರು.

"ಮನಿಗೆ ಹೋಗೂಣ್ರಿ. ಗಾಡಿ ರಿಪೇರಿ ಆಗಿಲ್ಲಲ್ಲ. ಶಾಫ್ಟು ಹಿಂದ ಬಿದ್ದೈತಿ."

"ನಾ ರಿಪೇರಿ ಅಂದಿದ್ದಿಲ್ಲ. ನಡುಕ ನಿಲ್ಲಲಿ ಅಂದಿದ್ದೆ." ಅವರು ಮಾರುತಿಯನ್ನು ನೋಡುತ್ತಿದ್ದರು. "ನಿಂತೈತಿ."

ಹಿಂದಿನ ಆಟೋದವನು ಹಾರ್ನು ಹೊಡೆದ. ಮೃಣಾಲಿನಿ ಎಡಗಡೆಯ ದೀಪ ಆರಿಸಿದಳು.

"ಈ ಗ್ರೀಸಿನ ಮೈಲೆ ಒಳಗ ಬಿಡ್ತಾರಂತೇನು?" ಎಂದು ಕೇಳಿದರು ಕಾಶೀನಾಥರು.

"ಬಿಡ್ತಾರ್ರಿ. ನಾ ಇರ್ತೀನಲ್ಲ."

ಜೀಪು ನೇರ ನಡೆಯಿತು. ಬಾಗಿಲು, ಕನ್ನಡಿ, ಸೀಟು ಎಲ್ಲ ತೆಪ್ಪಗಿದ್ದವು. ಆ ಗಾಡಿಯಲ್ಲಿ ಈಗ ನಡುಗುತ್ತಿದ್ದದ್ದು ಕಾಶೀನಾಥರ ಬಲಗೈ ಒಂದೇ, ಮೊಣಕಾಲ ಮೇಲೆ, ಮಗಳಿಗೆ ಕಾಣುವ ಹಾಗೆ. ಅದನ್ನು ಅವರು ತೊಡೆಯ ಕೆಳಗೆ ಇಟ್ಟುಕೊಳ್ಳಲಿಲ್ಲ.